ಸಂಜೆ ಆರರಿಂದ ಒಂಬತ್ತು: ಡೇರೆಯಲ್ಲಿ ಮಕ್ಕಳೊಂದಿಗೆ

ಮಕ್ಕಳನ್ನು ಕರೆದುಕೊಂಡು ಬಯಲಿನಲ್ಲಿ ಡೇರೆ ಹಾಕುವವರು ಸಾಮಾನ್ಯವಾಗಿ ಹಗಲಿಗೆಂದು ಆಟದ ಸಾಮಾನು ಒಯ್ಯುತ್ತಾರೆ. ಮೊದಲ ವರ್ಷ ನಾನೂ ಚೆಂಡು, ಬ್ಯಾಟು, ಗಾಳಿಪಟ, ಬಣ್ಣದ ಪುಸ್ತಕ ಎಲ್ಲವನ್ನೂ ಒಯ್ದಿದ್ದೆ. ಹಗಲಿಗೆ ಅವು ಯಾವುವೂ ಬೇಕಾಗಲಿಲ್ಲ. ಮಣ್ಣಿತ್ತು, ಕಲ್ಲಿತ್ತು, ಹತ್ತಲು ಹುಣಸೆಮರವಿತ್ತು. ಕಷ್ಟ ಶುರುವಾದದ್ದು ಹೊತ್ತು ಮುಳುಗಿದ ಮೇಲೆ.

ನನ್ನ ಹೆಂಡತಿಯ ತವರು ಹಿರಿಯೂರು ತಾಲ್ಲೂಕಿನಲ್ಲಿ. ಮಾವನವರದು ಕಾಲುವೆ ನೀರು ಹತ್ತದ ಎತ್ತರದ ಹೊಲ; ಮಳೆ ನಂಬಿ ಶೇಂಗಾ ಹಾಕುತ್ತಾರೆ. ಡಿಸೆಂಬರ್ ಕೊನೆಗೆ ಹೊಲ ಖಾಲಿ ಇರುತ್ತದೆ, ಶಾಲೆಗೂ ರಜೆ. ಮನೆಯಿಂದ ಅರ್ಧ ಕಿಲೋಮೀಟರ್ ದೂರದ ಬದುವಿನ ಪಕ್ಕದಲ್ಲಿ ಎರಡು ಡೇರೆ ಹಾಕಿದೆವು. ನಮ್ಮ ಮಗಳಿಗೆ ಹತ್ತು ವರ್ಷ, ಮಗನಿಗೆ ಆರು. ಜೊತೆಗೆ ಭಾವಮೈದುನನ ಇಬ್ಬರು ಗಂಡುಮಕ್ಕಳು. ಆರೂಕಾಲಿಗೆ ಮಬ್ಬು ಕವಿಯಿತು. ಊರಿನಲ್ಲಾಗಿದ್ದರೆ ಟಿವಿ ಮುಂದೆ ಕೂರುವ ಹೊತ್ತು. ಟ್ಯಾಬ್‌ನಲ್ಲಿ ತುಂಬಿಸಿ ತಂದಿದ್ದ ಕಾರ್ಟೂನು ಏಳರವರೆಗೆ ನಡೆಯಿತು, ಅಷ್ಟರಲ್ಲಿ ಬ್ಯಾಟರಿ ಮುಗಿಯಿತು. ಪರದೆಯ ಬೆಳಕಿಗೆ ಹೊಂದಿಕೊಂಡಿದ್ದ ಕಣ್ಣಿಗೆ ಸುತ್ತಲಿನ ಕತ್ತಲೆ ಇನ್ನಷ್ಟು ದಟ್ಟವಾಗಿ ಕಂಡಿರಬೇಕು. ಚಿಕ್ಕವನು ಅಳಲು ಶುರುಮಾಡಿದ, ಅವನನ್ನು ನೋಡಿ ಉಳಿದವರೂ ಮಂಕಾದರು. ಒಂಬತ್ತಕ್ಕೆ ಎಲ್ಲರೂ ಹಾಸಿಗೆ ಹೊತ್ತು ಮನೆಗೆ ನಡೆದೆವು. ಆ ರಾತ್ರಿ ನನಗೆ ನಿಜವಾಗಿ ನೋವಾಯಿತು. ಕತ್ತಲೆಯ ಬಗ್ಗೆ ಮಕ್ಕಳಿಗೆ ನಾನು ಕೊಟ್ಟದ್ದು ಹೆದರಿಕೆ ಮಾತ್ರ ಎನಿಸಿತು.

ಮರುವರ್ಷ ನಾನು ಸಿದ್ಧತೆ ಮಾಡಿಕೊಂಡದ್ದು ಆ ಮೂರು ಗಂಟೆಗಳಿಗಾಗಿ. ಮೊದಲು ಪಂಚಾಂಗ ನೋಡಿ ಅಮಾವಾಸ್ಯೆಯ ಆಸುಪಾಸಿನ ದಿನಗಳನ್ನು ಆರಿಸಿದೆ. ಟಾರ್ಚುಗಳ ಬಾಯಿಗೆಲ್ಲ ಕೆಂಪು ಜಿಲೆಟಿನ್ ಕಾಗದ ಕಟ್ಟಿದೆ. ಕಣ್ಣು ಕತ್ತಲೆಗೆ ಚೆನ್ನಾಗಿ ಒಗ್ಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು; ಒಮ್ಮೆ ಬಿಳಿ ಬೆಳಕು ಕಣ್ಣಿಗೆ ಹೊಡೆದರೆ ಮತ್ತೆ ಮೊದಲಿನಿಂದ ಕಾಯಬೇಕು. ಮಬ್ಬಾದ ಕೆಂಪು ಬೆಳಕು ಅಷ್ಟು ಕೆಡಿಸುವುದಿಲ್ಲ. ಮೊಬೈಲುಗಳು ಕಾರಿನಲ್ಲೇ ಉಳಿದವು, ನಮ್ಮವೂ ಸೇರಿ.

ಸಂಜೆಯ ಕೆಲಸಕ್ಕೆ ಹಗಲೇ ಬೀಜ ಬಿತ್ತಬೇಕು. ಶೇಂಗಾ ಕಿತ್ತ ಹೊಲದಲ್ಲಿ ಮಣ್ಣೊಳಗೆ ಉಳಿದ ಕಾಯಿ ಬೇಕಾದಷ್ಟಿರುತ್ತದೆ. ಮಧ್ಯಾಹ್ನ ಮಕ್ಕಳ ಕೈಗೆ ಒಂದೊಂದು ಕಡ್ಡಿ, ಒಂದೊಂದು ಡಬ್ಬಿ ಕೊಟ್ಟು ಹಕ್ಕಲು ಆರಿಸಲು ಬಿಟ್ಟೆವು. ನಾಲ್ವರೂ ಸೇರಿ ಎರಡು ಸೇರಿನಷ್ಟು ಕೂಡಿಹಾಕಿದರು. ಹುಣಸೆಮರದ ಕೆಳಗೆ ಬೀಜ ಆಯ್ದು, ಒಂದು ಮಗ್ಗುಲನ್ನು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿದರು. ಗೋಣಿಚೀಲದ ಮೇಲೆ ಇದ್ದಿಲಿನಿಂದ ಐದೈದು ಮನೆ ಗೀರಿದರೆ ಚೌಕಾಬಾರ ತಯಾರು. ನಾಲ್ಕು ಬೀಜವೂ ಬೆಳ್ಳಗೆ ಬಿದ್ದರೆ ಚೌಕ, ನಾಲ್ಕು; ನಾಲ್ಕೂ ಕಪ್ಪಾದರೆ ಬಾರ, ಎಂಟು. ಬೀಜ ತಿಕ್ಕುವುದಕ್ಕೇ ಮಧ್ಯಾಹ್ನದ ಒಂದು ಗಂಟೆ ಹಿಡಿಯಿತು. ಅಂಗಡಿಯಿಂದ ತಂದ ಆಟಕ್ಕೆ ಇಷ್ಟು ಜೋಪಾನ ಸಿಗುವುದಿಲ್ಲ. ರಾತ್ರಿ ಒಂದು ಬೀಜ ಕಳೆದಾಗ ನಾಲ್ವರೂ ಮಂಡಿಯೂರಿ ಹುಡುಕಿದರು.

ಆರೂಕಾಲಿಗೆ ಬೆಂಕಿ. ಸುತ್ತ ಒಂದು ಮಾರು ನೆಲ ಕೆರೆದು, ಪಕ್ಕದಲ್ಲಿ ಎರಡು ಕೊಡ ನೀರಿಟ್ಟು ಹಚ್ಚಬೇಕು. ಒಣ ಹೊಲದಲ್ಲಿ ಇದನ್ನು ಬಿಡುವಂತೆಯೇ ಇಲ್ಲ. ಕೆಂಡದಲ್ಲಿ ಗೆಣಸು ಹೂತು, ಹಕ್ಕಲಿನ ಶೇಂಗಾ ಸುಟ್ಟು ತಿನ್ನುವಷ್ಟರಲ್ಲಿ ಏಳೂವರೆ. ಅಲ್ಲಿಗೆ ಉರಿ ತಗ್ಗಿಸಿ, ಕೆಂಡಕ್ಕೆ ಬೆನ್ನು ಹಾಕಿ ಕೂತೆವು.

ಮಾವನವರು ಆಗ ಮಜ್ಜಿಗೆಯ ತಂಬಿಗೆ ಹಿಡಿದು ಬಂದರು. ಪೂರ್ವಕ್ಕೆ ಮೂರು ಚುಕ್ಕಿಗಳು ಒಂದರ ಮೇಲೊಂದು ನಿಂತಿದ್ದವು. ಆ ಗೆರೆಯನ್ನು ಮೇಲಕ್ಕೆ ಎಳೆದರೆ ಕೆಂಪಗಿನ ರೋಹಿಣಿ, ಇನ್ನೂ ಮೇಲೆ ಗೊಂಚಲಿನಂಥ ಕೃತ್ತಿಕೆ. ಕೆಳಕ್ಕೆ ಎಳೆದರೆ ಆಗಷ್ಟೇ ಎದ್ದ ಲುಬ್ಧಕ. ಮೂರು ಚುಕ್ಕಿಯ ಎಡಕ್ಕೆ ಕೆಂಪಾಗಿ ಹೊಳೆಯುವುದು ಆರಿದ್ರಾ. ಮಗಳು ಕೇಳಿದಳು: “ಅಜ್ಜ, ಆರಿದ್ರಾ ಅಂದರೆ ನಿಮ್ಮ ಮಳೆ ಅಲ್ಲವಾ?” ಮಾವನವರು, “ಹೌದವ್ವ. ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ” ಎಂದರು. “ಮಳೆ ಜೂನಿನಲ್ಲಿ, ನಕ್ಷತ್ರ ಡಿಸೆಂಬರಿನಲ್ಲಿ ಯಾಕೆ?” ಎಂಬುದು ಅವಳ ಮುಂದಿನ ಪ್ರಶ್ನೆ.

ಬಾಯಲ್ಲಿ ಹೇಳದೆ ಆಡಿ ತೋರಿಸಿದೆವು. ಲಾಟೀನನ್ನು ಹೊಲದ ನಡುವೆ ಇಟ್ಟೆ, ಅದು ಸೂರ್ಯ. ದೊಡ್ಡ ಹುಡುಗ ದೂರದ ಜಾಲಿಮರದ ಹತ್ತಿರ ನಿಂತು ಆರಿದ್ರಾ ಆದ. ಮಗಳು ಭೂಮಿ, ಲಾಟೀನಿನ ಸುತ್ತ ನಡೆಯಬೇಕು. ಅವಳಿಗೂ ಜಾಲಿಮರಕ್ಕೂ ನಡುವೆ ಲಾಟೀನು ಬಂದಾಗ ನಿಲ್ಲಿಸಿ, “ಅಣ್ಣ ಕಾಣುತ್ತಾನಾ?” ಎಂದೆ. ಬೆಳಕು ಕಣ್ಣು ಕುಕ್ಕುತ್ತಿತ್ತು, ಕಾಣಲಿಲ್ಲ. ಅದು ಜೂನ್ ಕೊನೆ: ಸೂರ್ಯ ಆರಿದ್ರಾ ನಕ್ಷತ್ರದಲ್ಲಿರುವ ಹದಿನಾಲ್ಕು ದಿನ. ಆಗ ಬರುವ ಮಳೆಗೆ ಅದರದೇ ಹೆಸರು. ಅರ್ಧ ಸುತ್ತು ನಡೆದು ಲಾಟೀನಿಗೆ ಬೆನ್ನು ಹಾಕಿದಾಗ ಅವನು ಎದುರಿಗೇ ನಿಂತಿದ್ದ. ಅದು ಡಿಸೆಂಬರ್ ರಾತ್ರಿ. ಅವಳು ಒಂದು ಗಳಿಗೆ ಸುಮ್ಮನೆ ನಿಂತಳು, ಆಮೇಲೆ ಎಲ್ಲರೂ ಸರದಿಯ ಮೇಲೆ ಭೂಮಿಯಾದರು. ಮಾವನವರೂ ಒಂದು ಸುತ್ತು ಬಂದರು. ಅರವತ್ತು ಮಳೆಗಾಲ ಈ ಹೆಸರುಗಳನ್ನು ಹಿಡಿದು ಬಿತ್ತಿದವರು, ಲಾಟೀನಿಗೆ ಬೆನ್ನು ಹಾಕಿ ನಿಂತು ಬಹಳ ಹೊತ್ತು ಜಾಲಿಮರದ ಕಡೆ ನೋಡುತ್ತಿದ್ದರು. ಮಾರಿಕಣಿವೆ ಅಣೆಕಟ್ಟು 1933ರ ನಂತರ 2022ರಲ್ಲಿ ಕೋಡಿ ಬಿದ್ದ ಕಥೆಯನ್ನು ಅಂದು ಅವರಾಗಿಯೇ ಹೇಳಿದರು. ಮಕ್ಕಳು ಅಲ್ಲಾಡದೆ ಕೇಳಿದರು.

ಎಂಟೂವರೆಗೆ ‘ಗಸ್ತು’. ಇದನ್ನು ಕಡ್ಡಾಯವಾಗಿ ದೊಡ್ಡವರೇ ಮುಂದೆ ನಿಂತು ಮಾಡಬೇಕು. ಬಿಳಿ ಟಾರ್ಚನ್ನು ಕಣ್ಣಿನ ಮಟ್ಟಕ್ಕೆ, ಕಪಾಳಕ್ಕೆ ಒತ್ತಿ ಹಿಡಿದು ಹುಲ್ಲಿನ ಮೇಲೆ ಬಿಟ್ಟರೆ ಅಲ್ಲಲ್ಲಿ ಹಸಿರು ಕಿಡಿ ಮಿನುಗುತ್ತದೆ. ಹತ್ತಿರ ಹೋದರೆ ಒಂದು ಜೇಡ. ಬೆಳಕು ಅದರ ಕಣ್ಣಿನಿಂದ ಹಿಂದಿರುಗಿ ಬರುತ್ತದೆ. ಟಾರ್ಚು ಸೊಂಟದ ಮಟ್ಟದಲ್ಲಿದ್ದರೆ ಏನೂ ಕಾಣುವುದಿಲ್ಲ. ನೋಟು ಪರೀಕ್ಷಿಸುವ ನೇರಳೆ ಟಾರ್ಚು ಇದ್ದರೆ ಚೇಳೂ ಸಿಗುತ್ತದೆ: ಅದರ ಮೈ ಆ ಬೆಳಕಿಗೆ ಹಸಿರಾಗಿ ಹೊಳೆಯುತ್ತದೆ. ಬದುವಿನ ಕಲ್ಲಿನ ಬುಡದಲ್ಲಿ ಒಂದನ್ನು ಕಂಡೆವು. ಎಲ್ಲರ ಕಾಲಲ್ಲಿ ಶೂ, ಮಕ್ಕಳು ನನ್ನ ಬೆನ್ನ ಹಿಂದೆ, ಕಲ್ಲು ಎತ್ತುವಂತಿಲ್ಲ, ಟಾರ್ಚಿನ ಬಾಯಿಯೊಳಗೆ ಇಣುಕುವಂತಿಲ್ಲ. ಈ ಭಾಗದಲ್ಲಿ ಕೆಂಪು ಚೇಳಿದೆ. ಅದರ ಕುಟುಕು ಮಕ್ಕಳ ಜೀವಕ್ಕೆ ಅಪಾಯ. ಹಾಗಾಗಿ ಡೇರೆಯ ಸುತ್ತ ನೋಡಿ ಬರುವುದು ಆಟವೂ ಹೌದು, ಅಗತ್ಯವೂ ಹೌದು. ಬೆಳಗ್ಗೆ ಶೂ ಕೊಡವದೆ ಯಾರೂ ಹಾಕಿಕೊಳ್ಳಲಿಲ್ಲ. ನಾನು ಎರಡನೆಯ ಸಲ ಹೇಳಬೇಕಾಗಲಿಲ್ಲ.

ಕೊನೆಗೆ ಡೇರೆಯೊಳಗೆ ದೀಪ ಆರಿಸಿ ಐದು ನಿಮಿಷ ಸದ್ದು ಎಣಿಸುವುದು. ಮೊದಲ ರಾತ್ರಿ ಜೀರುಂಡೆ, ದೂರದ ಲಾರಿ, ನಾಯಿ ಅಷ್ಟೇ ಸಿಕ್ಕವು. ಎರಡನೆಯ ರಾತ್ರಿ ಮಗ ಒಂದು ಸಂಗತಿ ಕಂಡುಕೊಂಡ. ಮನೆಯ ಕಡೆಯ ಕಾಲುದಾರಿಯಲ್ಲಿ ಯಾರಾದರೂ ನಡೆದರೆ ಟಿಟ್ಟಿಭ ಹಕ್ಕಿ ಕೂಗುತ್ತದೆ.

ಮೂರನೆಯ ಸಂಜೆ ನಾವು ಬೆಂಕಿಗೆ ಕಡ್ಡಿ ಜೋಡಿಸುತ್ತಿದ್ದಾಗ ಟಿಟ್ಟಿಭ ಕೂಗಿತು. “ಅಜ್ಜ ಮಜ್ಜಿಗೆ ತರುತ್ತಿದ್ದಾರೆ” ಎಂದವನೇ ಅವನು ಕೆಂಪು ಟಾರ್ಚು ಹಿಡಿದುಕೊಂಡು, ಯಾರನ್ನೂ ಜೊತೆಗೆ ಕರೆಯದೆ, ಕಾಲುದಾರಿಯ ಕಡೆ ನಡೆದ.