ಕೇಳಿ ಕೇಳಿ ಕಲಿತ ಸಿ

ಸಿ ಪ್ರೋಗ್ರಾಮಿಂಗನ್ನು ನಾನು ಒಬ್ಬನೇ ಕೂತು ಕಲಿಯಲಿಲ್ಲ. ನನ್ನ ಹಾಗೆಯೇ ಹೊಸದಾಗಿ ಶುರು ಮಾಡಿದ್ದ ಒಬ್ಬ ಗೆಳತಿ ಇದ್ದಳು. ವರ್ಷಗಟ್ಟಲೆ ಸಿ ಬರೆದು ಪಳಗಿದ ಹಿರಿಯರೊಬ್ಬರು ಇದ್ದರು. ಇವರನ್ನು ಕೇಳಿ ಕೇಳಿಯೇ ಕಲಿತದ್ದು. ಈಗ ಯಾರಾದರೂ ಹೊಸಬರು ಬಂದು ಎಲ್ಲಿಂದ ಶುರು ಮಾಡಲಿ ಅಂದರೆ, ಮೊದಲು ಪ್ರಶ್ನೆ ಕೇಳುವುದನ್ನು ಕಲಿಯಿರಿ ಎನ್ನುತ್ತೇನೆ.

ಯಾಕೆ ಅಂದರೆ ಸಿ ತಾನಾಗಿ ಹೇಳುವುದು ಕಡಿಮೆ. 1970ರ ದಶಕದ ಶುರುವಿನಲ್ಲಿ ಡೆನ್ನಿಸ್ ರಿಚಿ ಇದನ್ನು ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದರು. 1973ರಲ್ಲಿ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಅನ್ನೇ ಇದರಲ್ಲಿ ಮತ್ತೆ ಬರೆದರು. ಆಗಿನ ಯಂತ್ರಗಳಲ್ಲಿ ಮೆಮೊರಿ ತೀರಾ ಕಡಿಮೆ. ಬರೆಯುವವರಿಗೆ ತಾವು ಮಾಡುತ್ತಿರುವುದು ಗೊತ್ತಿದೆ ಎಂದು ಭಾಷೆ ನಂಬಿಕೊಂಡು ಹೋಗುತ್ತದೆ. ಹತ್ತು ಜಾಗ ಇರುವ ಅರೇಯಲ್ಲಿ (ಬೆಲೆಗಳನ್ನು ಸಾಲಾಗಿ ಇಡುವ ಪಟ್ಟಿಯಲ್ಲಿ) ಹನ್ನೊಂದನೆಯದನ್ನು ಕೇಳಿದರೆ ಪೈಥಾನ್‌ನಂಥ ಭಾಷೆ ಅಲ್ಲೇ ನಿಲ್ಲಿಸಿ ಎರರ್ ತೋರಿಸುತ್ತದೆ. ಸಿ ಸುಮ್ನೆ ಮುಂದೆ ಹೋಗಬಹುದು. ಇವತ್ತು ಸರಿಯಾದ ಉತ್ತರವನ್ನೇ ಕೊಟ್ಟು, ನಾಳೆ ಬೇರೆ ಕಂಪ್ಯೂಟರ್‌ನಲ್ಲಿ ಕುಸಿದು ಬೀಳಬಹುದು. ಇಂಥ ಕಡೆ ಪಕ್ಕದಲ್ಲಿ ಒಬ್ಬ ಮನುಷ್ಯ ಇದ್ದರೆ ಎಷ್ಟೋ ಸಲೀಸು, ಅಲ್ವಾ?

ಹಿರಿಯರು ಮೊದಲ ದಿನವೇ ಹೇಳಿದ್ದು ವಾರ್ನಿಂಗ್‌ಗಳ ಬಗ್ಗೆ. ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ, ಅಂದರೆ ಕಂಪೈಲ್ ಮಾಡುವ, ಜಿಸಿಸಿಗೆ 'ವಾಲ್' (-Wall) ಮತ್ತು 'ಡಬ್ಲ್ಯುಎಕ್ಸ್‌ಟ್ರಾ' (-Wextra) ಎಂಬ ಎರಡು ಆಯ್ಕೆ ಕೊಟ್ಟೇ ಕಂಪೈಲ್ ಮಾಡಬೇಕು ಎಂದರು. ಷರತ್ತು ನೋಡುವ ಇಫ್ ಒಳಗೆ ಹೋಲಿಸೋಕೆ ಎರಡು ಸಮ ಚಿಹ್ನೆ (==) ಬೇಕಾದ ಕಡೆ, ಬೆಲೆ ತುಂಬುವ ಒಂದೇ (=) ಇದ್ದರೆ ಸಿ ಪ್ರಕಾರ ಅದೂ ಸರಿಯಾದ ವಾಕ್ಯವೇ. ವಾರ್ನಿಂಗ್ ಇದ್ದರೆ ಮಾತ್ರ ಕಣ್ಣಿಗೆ ಬೀಳುತ್ತದೆ. ಇನ್ನೊಂದು ಅಭ್ಯಾಸವನ್ನೂ ಹಿಡಿಸಿದರು. ಎರರ್‌ಗಳು ರಾಶಿ ಬಿದ್ದರೂ ಮೊದಲನೆಯದನ್ನು ಮಾತ್ರ ಓದಿ ಸರಿಮಾಡಿ, ಮತ್ತೆ ಕಂಪೈಲ್ ಮಾಡುವುದು. ಒಂದು ಸೆಮಿಕೋಲನ್ ಇಲ್ಲದಿದ್ದರೆ ಕೆಳಗಿನ ಎಷ್ಟೋ ಸಾಲುಗಳ ಮೇಲೆ ದೂರು ಬರುತ್ತದೆ.

ನಾನು ನಿಜವಾಗಿ ಕಲಿತದ್ದು ಒಂದು ಚಿಕ್ಕ ಪ್ರೋಗ್ರಾಂನಿಂದ. ಅದು ಒಂದು ಸಂಖ್ಯೆ ಕೇಳಿ, ಲೆಕ್ಕ ಮಾಡಿ, ಆಮೇಲೆ ಮುಂದುವರಿಸಬೇಕಾ ಎಂದು ಕೇಳಿ ಒಂದು ಅಕ್ಷರ ಓದಬೇಕಿತ್ತು. ಸಂಖ್ಯೆಯನ್ನು ಸರಿಯಾಗಿ ಓದುತ್ತಿತ್ತು. ಅಕ್ಷರಕ್ಕೆ ಮಾತ್ರ ಕಾಯುತ್ತಲೇ ಇರಲಿಲ್ಲ. ಪ್ರಶ್ನೆ ತೋರಿಸಿದ ತಕ್ಷಣ ಮುಗಿದುಹೋಗುತ್ತಿತ್ತು. ಇಡೀ ಪ್ರೋಗ್ರಾಂ ಅನ್ನು ಹಿರಿಯರಿಗೆ ಕಳಿಸಿದೆ. ಅವರು ಹೇಳಿದ್ದು ಇಷ್ಟೇ: "ಈ ತೊಂದರೆಗೆ ಸಂಬಂಧ ಇಲ್ಲದ ಸಾಲುಗಳನ್ನೆಲ್ಲ ತೆಗೆದು ಕಳಿಸಿ. ತೆಗೆದ ಮೇಲೂ ತೊಂದರೆ ಹಾಗೇ ಇರಬೇಕು."

ಒಂದೊಂದೇ ತುಂಡು ಕಿತ್ತು ಹಾಕುತ್ತಾ ಬಂದೆ. ಲೆಕ್ಕದ ಭಾಗ ಹೋಯಿತು. ಲೂಪ್ ಹೋಯಿತು. ಕೊನೆಗೆ ಉಳಿದದ್ದು ಓದುವ ಎರಡು ಸ್ಕ್ಯಾನ್‌ಎಫ್, ತೋರಿಸುವ ಒಂದು ಪ್ರಿಂಟ್‌ಎಫ್. ಓದಿದ ಅಕ್ಷರವನ್ನು ಪ್ರಿಂಟ್ ಮಾಡಿದರೆ ಏನೂ ಕಾಣಲಿಲ್ಲ, ಒಂದು ಖಾಲಿ ಸಾಲು ಅಷ್ಟೇ. ಅದನ್ನೇ ಸಂಖ್ಯೆಯ ಗುರುತಾದ 'ಪರ್ಸೆಂಟ್ ಡಿ' (%d) ಹಾಕಿ ಸಂಖ್ಯೆಯಾಗಿ ಪ್ರಿಂಟ್ ಮಾಡಿದೆ. 10 ಬಂತು. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ 10 ಅಂದರೆ ಹೊಸ ಸಾಲು. ಸಂಖ್ಯೆ ಕೊಟ್ಟು ಎಂಟರ್ ಒತ್ತಿದ್ದೆನಲ್ಲ, ಆ ಎಂಟರ್ ಅಲ್ಲೇ ಉಳಿದುಕೊಂಡಿತ್ತು! ಸ್ಕ್ಯಾನ್‌ಎಫ್‌ನಲ್ಲಿ 'ಪರ್ಸೆಂಟ್ ಡಿ' ಎದುರಿಗೆ ಸಿಕ್ಕ ಖಾಲಿ ಜಾಗ, ಹೊಸ ಸಾಲುಗಳನ್ನು ದಾಟಿ ಸಂಖ್ಯೆ ಹುಡುಕುತ್ತದೆ. ಅಕ್ಷರ ಓದುವ 'ಪರ್ಸೆಂಟ್ ಸಿ' (%c) ಹಾಗಲ್ಲ. ಎದುರಿಗೆ ಏನು ಸಿಕ್ಕರೂ ಅದನ್ನೇ ಅಕ್ಷರ ಎಂದು ತೆಗೆದುಕೊಳ್ಳುತ್ತದೆ. ಸ್ಕ್ಯಾನ್‌ಎಫ್‌ನಲ್ಲಿ 'ಪರ್ಸೆಂಟ್ ಸಿ' ಬರೆಯುವ ಮೊದಲು ಒಂದು ಸ್ಪೇಸ್ ಬಿಟ್ಟರೆ ಸರಿಯಾಗುತ್ತದೆ. ಆ ಸ್ಪೇಸ್ ಹಾಕು ಎಂದು ಹಿರಿಯರು ನೇರವಾಗಿ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಅದಕ್ಕೇ ಅವರ ಮೇಲೆ ನನಗೆ ಇಷ್ಟು ಗೌರವ. ಹೇಳಿದ್ದರೆ ಒತ್ತಿದ ಅಕ್ಷರಗಳು ಓದುವ ತನಕ ಕಾಯುವ ಇನ್‌ಪುಟ್ ಬಫರ್ ಹೇಗೆ ಕೆಲಸ ಮಾಡುತ್ತದೆ ಎಂಬುದು ನನಗೆ ಆವತ್ತು ತಿಳಿಯುತ್ತಲೇ ಇರಲಿಲ್ಲ.

ಅಲ್ಲಿಂದ ಮುಂದೆ ಕೇಳುವ ಮೊದಲು ಮೂರು ವಿಷಯ ಬರೆದಿಟ್ಟುಕೊಳ್ಳುತ್ತಿದ್ದೆ. ನಾನು ಕೊಟ್ಟದ್ದೇನು, ಬರಬೇಕಿದ್ದದ್ದೇನು, ಬಂದದ್ದೇನು. ಎರರ್ ಇದ್ದರೆ ಅದರ ಅಕ್ಷರಗಳನ್ನು ಹಾಗೇ ಕಾಪಿ ಮಾಡಿ ಕಳಿಸುತ್ತಿದ್ದೆ, ಫೋಟೋ ಅಲ್ಲ. ಫೋಟೋದಲ್ಲಿರುವ ಕೋಡನ್ನು ಸಹಾಯ ಮಾಡುವವರು ಓಡಿಸಿ ನೋಡೋಕೆ ಆಗಲ್ಲ. ಎಷ್ಟೋ ಸಲ ಇದನ್ನೆಲ್ಲ ಬರೆಯುವಷ್ಟರಲ್ಲೇ ಉತ್ತರ ಸಿಕ್ಕಿ, ಕೇಳುವ ಅಗತ್ಯವೇ ಬೀಳುತ್ತಿರಲಿಲ್ಲ.

ಪಾಯಿಂಟರ್, ಅಂದರೆ ಮೆಮೊರಿಯ ವಿಳಾಸವನ್ನು ಇಟ್ಟುಕೊಳ್ಳುವುದು, ಮಾತ್ರ ಹಿರಿಯರಿಂದಲ್ಲ, ಗೆಳತಿಯಿಂದ ಬಂತು. ಇಬ್ಬರೂ ಹೊಸಬರಾಗಿದ್ದದ್ದೇ ಒಳ್ಳೆಯದಾಯಿತು. ಎರಡು ಸಂಖ್ಯೆಗಳನ್ನು ಅದಲು ಬದಲು ಮಾಡುವ ಫಂಕ್ಷನ್ ಬರೆದೆವು. ಒಳಗೆ ಬದಲಾದದ್ದು ಹೊರಗೆ ಬದಲಾಗುತ್ತಿರಲಿಲ್ಲ. ಅವಳು ಕಾಗದದ ಮೇಲೆ ಚೌಕ ಬರೆದಳು. ಒಳಗೆ ಬೆಲೆ, ಕೆಳಗೆ ವಿಳಾಸ. ಮೊದಲನೆಯದರ ಕೆಳಗೆ 1000, ಎರಡನೆಯದರ ಕೆಳಗೆ 1004, ಯಾಕೆಂದರೆ ನಮ್ಮ ಯಂತ್ರದಲ್ಲಿ ಪೂರ್ಣಾಂಕ ಇಡುವ ಇಂಟ್‌ಗೆ ನಾಲ್ಕು ಬೈಟ್. "ಫಂಕ್ಷನ್‌ಗೆ ಹೋಗೋದು ನಕಲು ಕಣೋ. ನಕಲನ್ನ ಬದಲಾಯಿಸಿದ್ರೆ ಇದಕ್ಕೇನಾಗುತ್ತೆ?" ಎಂದು ಚೌಕದ ಮೇಲೆ ಪೆನ್ನು ಕುಟ್ಟಿದಳು. ಬೆಲೆಯ ಬದಲು 1000, 1004 ಎಂಬ ವಿಳಾಸಗಳನ್ನೇ ಕಳಿಸಿದರೆ ಫಂಕ್ಷನ್ ಮೂಲ ಚೌಕವನ್ನೇ ಮುಟ್ಟಬಹುದು. ವಿಳಾಸ ತೆಗೆಯೋಕೆ &, ವಿಳಾಸದಲ್ಲಿ ಇರುವುದನ್ನು ಮುಟ್ಟೋಕೆ *. ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ಪಾಯಿಂಟರ್ ಹೇಳಿಕೊಟ್ಟಿಲ್ಲ. ಇವತ್ತಿಗೂ ಪಾಯಿಂಟರ್‌ಗಳಿಂದ ಒಂದಕ್ಕೊಂದು ಕೊಂಡಿ ಹಾಕಿದ ಲಿಂಕ್ಡ್ ಲಿಸ್ಟ್ ಬರೆಯುವಾಗ ಮೊದಲು ಕಾಗದ ತೆಗೆಯುತ್ತೇನೆ. ಅರೇ ದಾಟಿ ಹೋದದ್ದನ್ನು ಹಿಡಿಯೋಕೆ ಈಗ ಕಂಪೈಲರ್‌ನಲ್ಲೇ ಅಡ್ರೆಸ್ ಸ್ಯಾನಿಟೈಸರ್ ಎಂಬ ತಪಾಸಣೆಯ ಆಯ್ಕೆ ಇದೆ. ಡೀಬಗ್ ಮಾಹಿತಿ ಸೇರಿಸಿ ಕಂಪೈಲ್ ಮಾಡಿದ್ದರೆ ಯಾವ ಸಾಲು ಎಂದೂ ತೋರಿಸುತ್ತದೆ. ಅದನ್ನೂ ಶುರುವಿನಲ್ಲೇ ಬಳಸಿ.

ಸಹಾಯ ತೆಗೆದುಕೊಳ್ಳುವಾಗ ಒಂದನ್ನು ಗಮನಿಸಬೇಕು. ಒಳ್ಳೆಯ ಮನಸ್ಸಿನಿಂದ ಕೊಟ್ಟ ಕೋಡ್ ಕೂಡ ಹಳೆಯದಾಗಿರಬಹುದು. ಟರ್ಬೋ ಸಿ ಎಂಬ ಹಳೆಯ ಕಂಪೈಲರ್‌ನ ಕಾಲದ ಸ್ಕ್ರೀನ್ ಒರೆಸುವ ಫಂಕ್ಷನ್‌ಗಳು ಭಾಷೆಯ ಸ್ಟ್ಯಾಂಡರ್ಡ್‌ನಲ್ಲಿ ಯಾವತ್ತೂ ಇರಲಿಲ್ಲ. ಒಂದು ಸಾಲು ಓದುವ ಗೆಟ್ಸ್ ಫಂಕ್ಷನ್ ಅನ್ನು 2011ರ ಸ್ಟ್ಯಾಂಡರ್ಡ್‌ನಲ್ಲಿ ತೆಗೆದೇ ಹಾಕಿದರು. ಎಷ್ಟು ಜಾಗ ಇದೆ ಎಂದು ಅದಕ್ಕೆ ಹೇಳುವ ದಾರಿಯೇ ಇಲ್ಲ. ಅದರ ಬದಲು ಎಫ್‌ಗೆಟ್ಸ್ ಬಳಸಿ. ಕೊನೆಯ ಎಂಟರ್ ಅನ್ನೂ ಅದು ಜೊತೆಗೇ ಇಟ್ಟುಕೊಳ್ಳುತ್ತದೆ, ಹಾಗಾಗಿ ಎರಡು ಹೆಸರುಗಳನ್ನು ಹೋಲಿಸುವ ಮೊದಲು ಆ ಅಕ್ಷರವನ್ನು ತೆಗೆಯಬೇಕು.