ಟೋಸ್ಟ್ ಮೇಲೆ ಬೀನ್ಸ್ ಕಾಳು ಮತ್ತು ಸಾಸೇಜ್: ಹೊಟ್ಟೆ ತುಂಬುವ ಬೆಳಗಿನ ತಿಂಡಿ

ಇಬ್ಬರಿಗೆ ಸಾಕಾಗುವ ಈ ತಿಂಡಿಗೆ 400 ಗ್ರಾಂನ ಒಂದು ಡಬ್ಬಿ ಬೇಯಿಸಿದ ಬಿಳಿ ಬೀನ್ಸ್ ಕಾಳು, 4 ಸಾಸೇಜ್, ಒಂದು ಈರುಳ್ಳಿ, ಎರಡು ಎಸಳು ಬೆಳ್ಳುಳ್ಳಿ, ಎರಡು ಹಣ್ಣಾದ ಟೊಮೆಟೊ ಮತ್ತು ದಪ್ಪನೆಯ 4 ಹೋಳು ಬ್ರೆಡ್ ಬೇಕು. ಒಣ ಕಾಳನ್ನು ಬಳಸುವವರು ಹಿಂದಿನ ರಾತ್ರಿಯೇ ನೆನೆಹಾಕಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗೆ ಬೇಯಿಸಿಕೊಳ್ಳಬೇಕು. ರಾಜ್ಮಾ ಆದರೆ ಮೊದಲ 10 ನಿಮಿಷವಾದರೂ ಕೊತಕೊತನೆ ಕುದಿಯಲೇಬೇಕು, ಏಕೆಂದರೆ ಅರೆಬೆಂದ ಕಾಳಿನಲ್ಲಿ ಉಳಿಯುವ ಲೆಕ್ಟಿನ್ ಎಂಬ ಪ್ರೋಟೀನ್ ಹೊಟ್ಟೆ ಕೆಡಿಸುತ್ತದೆ.

ಸಾಸೇಜ್‌ಗಳನ್ನು ಎಣ್ಣೆ ಸವರಿದ ಬಾಣಲೆಯಲ್ಲಿ, ಮಧ್ಯಮ ಉರಿಯಲ್ಲಿ, ಆಗಾಗ ಹೊರಳಿಸುತ್ತಾ ಸುಮಾರು 15 ನಿಮಿಷ ಹುರಿಯಬೇಕು. ಅವಸರಪಟ್ಟು ಉರಿ ಹೆಚ್ಚಿಸಿದರೆ ಹೊರಪದರ ಒಡೆದು ಕರಕಲಾಗುತ್ತದೆಯೇ ಹೊರತು ಒಳಗಿನ ಮಾಂಸ ಬೇಯುವುದಿಲ್ಲ. ಅಡುಗೆಯ ಥರ್ಮಾಮೀಟರ್ ಇದ್ದರೆ ನಡುಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆಯೇ ಎಂದು ನೋಡಿಕೊಳ್ಳಬಹುದು. ಕೋಳಿಮಾಂಸದ ಸಾಸೇಜ್‌ಗೂ ಇಷ್ಟು ಶಾಖ ಸಾಕು.

ಬೆಂದ ಸಾಸೇಜ್ ತೆಗೆದಿಟ್ಟ ಮೇಲೆ ಬಾಣಲೆಯನ್ನು ತೊಳೆಯಬಾರದು, ತಳಕ್ಕೆ ಅಂಟಿದ ಕಂದು ಚೂರುಗಳಲ್ಲೇ ಅರ್ಧ ರುಚಿ ಇರುತ್ತದೆ. ಅದರಲ್ಲೇ ಹೆಚ್ಚಿದ ಈರುಳ್ಳಿ, ಬೆಳ್ಳುಳ್ಳಿಯನ್ನು ಬಾಡಿಸಿ, ಟೊಮೆಟೊ ಕರಗಿದ ಬಳಿಕ ಕಾಳನ್ನೂ ಅರ್ಧ ಲೋಟ ನೀರನ್ನೂ ಸೇರಿಸಿ, ತಳವನ್ನು ಸೌಟಿನಿಂದ ಕೆರೆಯುತ್ತಾ 10 ನಿಮಿಷ ಕುದಿಸಬೇಕು. ಒಂದು ಹಿಡಿ ಕಾಳನ್ನು ಸೌಟಿನ ಬೆನ್ನಿನಿಂದ ಬಾಣಲೆಯ ಅಂಚಿಗೆ ಒತ್ತಿ ಮಸೆದರೆ ರಸ ತಾನಾಗಿ ಗಟ್ಟಿಯಾಗುತ್ತದೆ, ಹಿಟ್ಟು ಬೆರೆಸುವ ಅಗತ್ಯವಿಲ್ಲ. ಸಾಸೇಜ್‌ನಲ್ಲಿ ಉಪ್ಪು ಧಾರಾಳವಾಗಿರುವುದರಿಂದ, ಅದನ್ನು ಹೋಳು ಮಾಡಿ ಬೆರೆಸಿದ ನಂತರವೇ ರುಚಿ ನೋಡಿ ಉಪ್ಪು, ಕಾಳುಮೆಣಸಿನ ಪುಡಿ ಹಾಕುವುದು ಒಳ್ಳೆಯದು.

ಬ್ರೆಡ್ಡನ್ನು ಎರಡೂ ಬದಿ ಗರಿಗರಿಯಾಗಿ ಸುಟ್ಟು, ಬೆಣ್ಣೆ ಸವರಿ, ಮೇಲೆ ಕಾಳು ಸುರಿದು ಕೂಡಲೇ ಬಡಿಸಬೇಕು.