ಮಳೆಗಾಲದಲ್ಲಿ ತಾರಸಿ ಮೇಲೆ ಊರ ಬೆಂಡೆ

ನಮ್ಮ ದಕ್ಷಿಣ ಕನ್ನಡದಲ್ಲಿ ಮಳೆ ಹಿಡಿಯಿತೆಂದರೆ ಘಟ್ಟದ ಮೇಲಿನ ಊರುಗಳಿಂದ ಬರುವ ತರಕಾರಿಯೇ ಗತಿ ಎಂದು ತುಂಬ ಜನ ಅಂದುಕೊಂಡಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಚೀಲದಲ್ಲಿ, ಕುಂಡದಲ್ಲಿ ತರಕಾರಿ ಬೆಳೆಸುವವರಿಗೆ ಇಲ್ಲಿ ಮಳೆಗಾಲವೇ ಒಳ್ಳೆಯ ಕಾಲ. ಪುತ್ತೂರಿನ ಹತ್ತಿರ ಇರುವ ನಮ್ಮ ಮನೆಯ ತಾರಸಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಂಡೆ, ಅಲಸಂಡೆ, ಹೀರೆ, ಮುಳ್ಳುಸೌತೆ ಇರುತ್ತವೆ.

ಹಿತ್ತಲು ಇದ್ದೂ ತಾರಸಿಗೆ ಯಾಕೆ ಹತ್ತಬೇಕು ಎಂದು ಕೇಳುತ್ತಾರೆ. ನಮ್ಮ ಹಿತ್ತಲಲ್ಲಿ ತೆಂಗು, ಅಡಿಕೆಯ ನೆರಳು. ಜುಲೈಯಲ್ಲಿ ನೆಲದಿಂದಲೇ ನೀರು ಒಸರುತ್ತದೆ, ಬೇರು ಕೊಳೆಯುತ್ತದೆ. ರಾತ್ರಿ ಬಸವನಹುಳುಗಳು ಎಳೆಯ ಗಿಡವನ್ನು ಬುಡದವರೆಗೆ ತಿಂದು ಹೋಗುತ್ತವೆ. ತಾರಸಿಯಲ್ಲಿ ಈ ಮೂರೂ ತೊಂದರೆ ಕಡಿಮೆ. ಮೋಡದ ದಿನವೂ ಅಲ್ಲಿ ಸಾಕಷ್ಟು ಬೆಳಕು ಸಿಗುತ್ತದೆ, ಬಿದ್ದ ನೀರು ಹರಿದು ಹೋಗುತ್ತದೆ. ಹಿತ್ತಲನ್ನು ಬಸಳೆಗೆ, ತೊಂಡೆಗೆ, ಕೆಸುವಿಗೆ ಬಿಟ್ಟಿದ್ದೇನೆ.

ಕೆಲಸ ಶುರುವಾಗುವುದು ಮಾರ್ಚ್, ಏಪ್ರಿಲ್‌ನಲ್ಲಿ, ಸುಡುಮಣ್ಣಿನಿಂದ. ಇದು ನಮ್ಮ ಕಡೆಯ ಹಳೆಯ ಪದ್ಧತಿ. ತರಗೆಲೆ, ಒಣಗಿದ ಕಸಕಡ್ಡಿ, ತೆಂಗಿನ ಸಿಪ್ಪೆ ಇವನ್ನು ರಾಶಿ ಹಾಕಿ, ಮೇಲೆ ಅಂಗಳದ ಮೇಲ್ಮಣ್ಣು ಮುಚ್ಚಿ, ಒಂದು ಬದಿಯಿಂದ ಬೆಂಕಿ ಕೊಡುವುದು. ಬೆಂಕಿ ಏಳಬಾರದು. ಒಳಗೊಳಗೇ ಹೊಗೆಯಾಡುತ್ತ ನಿಧಾನ ಬೇಯಬೇಕು. ಎಲ್ಲಾದರೂ ಉರಿ ಕಂಡರೆ ಅಲ್ಲಿಗೆ ಇನ್ನಷ್ಟು ಮಣ್ಣು ಹಾಕುತ್ತೇನೆ. ಆರಿದ ಮೇಲೆ ಸಿಗುವ ಮಣ್ಣು ಹುಡಿಹುಡಿಯಾಗಿರುತ್ತದೆ. ನಮ್ಮ ಮುರ ಮಣ್ಣು, ಅಂದರೆ ಜಂಬಿಟ್ಟಿಗೆಯ ಕೆಂಪು ಮಣ್ಣು, ಹುಳಿ (ಆಮ್ಲೀಯ) ಮಣ್ಣು. ಬೂದಿ ಸೇರಿದ್ದರಿಂದ ಹುಳಿ ತಗ್ಗುತ್ತದೆ, ಪೊಟ್ಯಾಶ್ ಸಿಗುತ್ತದೆ, ಕಳೆಬೀಜವೂ ಜಾಸ್ತಿ ಉಳಿಯುವುದಿಲ್ಲ. ಮಳೆಗೆ ನೆನೆದರೆ ಸಾರವೆಲ್ಲ ಹೋಗುತ್ತದೆ, ಹಾಗಾಗಿ ಕೊಟ್ಟಿಗೆಯ ಮೂಲೆಯಲ್ಲಿ ತುಂಬಿ ಇಡುತ್ತೇನೆ.

ಚೀಲಕ್ಕೆ ನನ್ನ ಲೆಕ್ಕ ಹೀಗೆ: ಎರಡು ಪಾಲು ಸುಡುಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಹಟ್ಟಿಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ, ಚೀಲಕ್ಕೊಂದು ಹಿಡಿ ಬೇವಿನ ಹಿಂಡಿ. ಬೆಂಡೆಗೆ 15 ಲೀಟರ್ ಹಿಡಿಸುವ ಚೀಲ ಸಾಕು, ಒಂದು ಚೀಲಕ್ಕೆ ಒಂದೇ ಗಿಡ. ಹೀರೆಗೆ ಇನ್ನೂ ದೊಡ್ಡದು ಬೇಕು. ಚೀಲದ ತಳದಲ್ಲಿ ಮಾತ್ರವಲ್ಲ, ಬದಿಯಲ್ಲೂ ತಳದಿಂದ ಎರಡು ಬೆರಳು ಮೇಲೆ ತೂತು ಮಾಡುತ್ತೇನೆ. ತಳದ ತೂತು ಬೇರಿನಿಂದ ಕಟ್ಟಿಕೊಂಡರೂ ಬದಿಯಿಂದ ನೀರು ಹೋಗಬೇಕು.

ಭಾರದ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಇಂಥ ಒಂದು ಚೀಲ ಮಳೆಯಲ್ಲಿ ನೆನೆದರೆ 20 ಕಿಲೋ ಸುಲಭವಾಗಿ ದಾಟುತ್ತದೆ. ಜನ ಓಡಾಡುವ ತಾರಸಿಗೆ ನಮ್ಮ ದೇಶದ ಕಟ್ಟಡ ನಿಯಮದಲ್ಲಿ ಇಟ್ಟುಕೊಳ್ಳುವ ಲೆಕ್ಕ ಚದರ ಮೀಟರಿಗೆ ಸುಮಾರು 150 ಕಿಲೋ. ಆದ್ದರಿಂದ ಚೀಲಗಳನ್ನು ನಡುವೆ ಗುಂಪು ಮಾಡದೆ ಗೋಡೆ ಇರುವ ಕಡೆ ಸಾಲಾಗಿ ಇಡುತ್ತೇನೆ. ಪ್ರತಿಯೊಂದರ ಕೆಳಗೂ ಎರಡು ಇಟ್ಟಿಗೆ. ಅಡಿಯಲ್ಲಿ ನೀರು ನಿಲ್ಲುವುದಿಲ್ಲ, ತಾರಸಿಯೂ ಹಾಳಾಗುವುದಿಲ್ಲ. ನೀರು ಇಳಿಯುವ ಪೈಪಿನ ಬಾಯಿಗೆ ಎಲೆ ಸಿಕ್ಕಿಕೊಳ್ಳದಂತೆ ದಿನಾ ನೋಡಲೇಬೇಕು.

ಬೀಜ ಹಾಕುವುದು ಪತ್ತನಾಜೆಯ ಹೊತ್ತಿಗೆ, ಅಂದರೆ ತುಳುವಿನ ಬೇಶ ತಿಂಗಳ ಹತ್ತನೆಯ ದಿನ, ಮೇ 24ರ ಆಸುಪಾಸು. ಜೋರು ಮಳೆ ಬರುವ ಮೊದಲು ಗಿಡಕ್ಕೆ ನಾಲ್ಕೆಲೆ ಬಂದಿರಬೇಕು, ಇಲ್ಲದಿದ್ದರೆ ಹನಿಯ ಹೊಡೆತಕ್ಕೇ ಮಲಗಿಬಿಡುತ್ತದೆ. ಬೆಂಡೆ ಬೀಜವನ್ನು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಒಡೆದದ್ದನ್ನು ಮಾತ್ರ ಊರುತ್ತೇನೆ. ನಾನು ಬೆಳೆಸುವುದು ಊರ ಬೆಂಡೆ. ಉದ್ದವಾಗಿ, ಬಿಳಿಚು ಹಸಿರಾಗಿ, ಹೆಚ್ಚು ಏಣುಗಳಿರುವ ಬೆಂಡೆ. ಘಟ್ಟದಿಂದ ಬರುವ ಕಡುಹಸಿರು ಬೆಂಡೆಗಿಂತ ಇದರ ರುಚಿಯೇ ಬೇರೆ. ನಮ್ಮ ಕಡೆಯ ಸಂತೆಗಳಲ್ಲಿ ಇದಕ್ಕೆ ಜಾಸ್ತಿ ಬೆಲೆ ಇರುವುದು ಸುಮ್ನೆ ಅಲ್ಲ. ಎಲೆಯ ನರ ಹಳದಿಯಾಗುವ ರೋಗ ನಿಮ್ಮಲ್ಲಿ ಪದೇ ಪದೇ ಬರುತ್ತಿದ್ದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ಹಾಕಿ ನೋಡಬಹುದು. ಆ ರೋಗ ತಡೆದುಕೊಳ್ಳಲೆಂದೇ ಬೆಳೆಸಿದ ತಳಿ ಅದು. ರೋಗ ಹರಡುವುದು ಬಿಳಿ ನೊಣ. ಜಡಿಮಳೆಯಲ್ಲಿ ಅದರ ಕಾಟ ಕಡಿಮೆ, ಬಿಸಿಲು ಬಂದ ಮೇಲೆ ಜಾಸ್ತಿ.

ಇನ್ನು ಮುಖ್ಯ ವಿಷಯ. ಬೇಸಿಗೆಯಲ್ಲಿ ಕುಂಡದ ಗಿಡ ಸೊರಗುವುದು ನೀರಿಲ್ಲದೆ. ಮಳೆಗಾಲದಲ್ಲಿ ಸೊರಗುವುದು ಊಟವಿಲ್ಲದೆ. ಚೀಲದಲ್ಲಿರುವುದು ಸ್ವಲ್ಪವೇ ಮಣ್ಣು. ನಾಲ್ಕು ದಿನ ಬಿಡದೆ ಸುರಿದರೆ ಅದರಲ್ಲಿರುವ ಸಾರಜನಕ, ಪೊಟ್ಯಾಶ್ ಎಲ್ಲ ತೂತಿನಿಂದ ಇಳಿದು ಹೋಗುತ್ತದೆ. ಮೊದಲು ಕೆಳಗಿನ ಎಲೆ ಹಳದಿಯಾಗುತ್ತದೆ. ಇದನ್ನು ರೋಗ ಎಂದುಕೊಂಡು ಔಷಧಿ ಹುಡುಕುವವರನ್ನು ನೋಡಿದ್ದೇನೆ. ಗಿಡಕ್ಕೆ ಹಸಿವು, ಅಷ್ಟೇ. ಬುಡಕ್ಕೆ ಒಮ್ಮೆಲೇ ಬುಟ್ಟಿಗಟ್ಟಲೆ ಗೊಬ್ಬರ ಸುರಿದರೂ ಅದು ಉಳಿಯುವುದಿಲ್ಲ. ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ ಕೊಡಬೇಕು.

ನಾನು ಕೊಡುವುದು ನೆಲಗಡಲೆ ಹಿಂಡಿಯ ನೀರು. ಒಂದು ಕಿಲೋ ಹಿಂಡಿ, ಅಷ್ಟೇ ಹಸಿ ಸೆಗಣಿ, 10 ಲೀಟರ್ ನೀರು. ಮುಚ್ಚಿಟ್ಟು ದಿನಾ ಒಮ್ಮೆ ಕೋಲಿನಿಂದ ತಿರುವಬೇಕು. ನಾಲ್ಕೈದು ದಿನಕ್ಕೆ ಹುಳಿ ಬರುತ್ತದೆ. ಒಂದು ಪಾಲಿಗೆ ಹತ್ತು ಪಾಲು ನೀರು ಸೇರಿಸಿ, ಮಳೆ ಬಿಟ್ಟ ಹೊತ್ತು ನೋಡಿ, ಚೀಲಕ್ಕೊಂದು ಚೆಂಬು ಹಾಕುತ್ತೇನೆ. ವಾರಕ್ಕೊಮ್ಮೆ ಇದು ತಪ್ಪಬಾರದು. ಹೂ ಬಂದ ಮೇಲೆ ನಡುನಡುವೆ ಒಂದು ಹಿಡಿ ಸುಡುಮಣ್ಣು. ಬುಡಕ್ಕೆ ಒಣ ಎಲೆ ಮುಚ್ಚಿದರೆ ಹನಿ ಬಿದ್ದು ಮಣ್ಣು ಎದ್ದು ಹೋಗುವುದಿಲ್ಲ. ಬಿತ್ತಿ 45 ದಿನಕ್ಕೆಲ್ಲ ಬೆಂಡೆ ಹೂ ಬಿಡುತ್ತದೆ. ಆಮೇಲೆ ದಿನ ಬಿಟ್ಟು ದಿನ ಕೊಯ್ಯಲೇಬೇಕು. ಬೆಳೆಯಲು ಬಿಟ್ಟರೆ ಕಾಯಿ ನಾರಾಗುತ್ತದೆ, ಗಿಡವೂ ಹೊಸ ಹೂ ಕಡಿಮೆ ಮಾಡುತ್ತದೆ.

ಹೀರೆ, ಮುಳ್ಳುಸೌತೆ ಬೆಳೆಸುವವರ ದೂರು ಒಂದೇ: ಹೂ ಬರುತ್ತದೆ, ಮಿಡಿ ಹಳದಿಯಾಗಿ ಉದುರುತ್ತದೆ. ಬೆಂಡೆ, ಅಲಸಂಡೆಯಲ್ಲಿ ಒಂದೇ ಹೂವಿನೊಳಗೆ ಗಂಡೂ ಹೆಣ್ಣೂ ಇರುವುದರಿಂದ ಜೇನು ಬಾರದಿದ್ದರೂ ಕಾಯಿ ಕಟ್ಟುತ್ತದೆ. ಬಳ್ಳಿಗಳಲ್ಲಿ ಹಾಗಲ್ಲ. ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಜಡಿಮಳೆಯಲ್ಲಿ ಜೇನು ಗೂಡು ಬಿಟ್ಟು ಬರುವುದಿಲ್ಲ, ಪರಾಗವೂ ನೆನೆಯುತ್ತದೆ. ಹಾಗಾಗಿ ಆ ಕೆಲಸ ನಾವೇ ಮಾಡಬೇಕು. ಹೆಣ್ಣು ಹೂವನ್ನು ಗುರುತಿಸುವುದು ಕಷ್ಟವಲ್ಲ, ಅದರ ಕೆಳಗೆ ಪುಟ್ಟ ಮಿಡಿ ಇರುತ್ತದೆ. ಹೀರೆಯಲ್ಲಿ ಗಂಡು ಹೂ ಗೊಂಚಲಾಗಿ ಬರುತ್ತದೆ, ಹೆಣ್ಣು ಒಂಟಿ. ಒಂದು ಗಂಡು ಹೂ ಕಿತ್ತು, ಎಸಳು ತೆಗೆದು, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿದರೆ ಆಯಿತು.

ಆದರೆ ಹೊತ್ತು ಗೊತ್ತಿರಬೇಕು. ಮುಳ್ಳುಸೌತೆ, ಹಾಗಲ, ಸಿಹಿಕುಂಬಳ ಅರಳುವುದು ಬೆಳಿಗ್ಗೆ. ಹೀರೆ, ಸೋರೆ ಅರಳುವುದು ಸಂಜೆ. ಬೆಳಿಗ್ಗೆ ಎದ್ದು ಹೀರೆಗೆ ಪರಾಗ ಹಚ್ಚಿದರೆ ಹೊತ್ತು ಮೀರಿರುತ್ತದೆ. ನಾನು ಸಂಜೆ ದೀಪ ಹಚ್ಚುವ ಮುಂಚೆ ಕೊಡೆ ಹಿಡಿದು ಹೋಗುತ್ತೇನೆ. ನಾಳೆ ಅರಳುತ್ತದೆ ಎನಿಸಿದ ಗಂಡು ಮೊಗ್ಗಿಗೆ ಮೊದಲೇ ಒಂದು ಪೇಪರ್ ಲೋಟ ಕವುಚಿ ಕಟ್ಟಿದರೆ ಪರಾಗ ಒಣಗಿಯೇ ಇರುತ್ತದೆ. ಹಚ್ಚಿದ ಮೇಲೆ ಹೆಣ್ಣು ಹೂವಿಗೂ ಅದನ್ನೇ ಕಟ್ಟುತ್ತೇನೆ. ಮಿಡಿ ಬೆರಳಷ್ಟು ಬೆಳೆದಾಗ ತೆಳು ಬಟ್ಟೆಯ ಚೀಲ ತೊಡಿಸಿದರೆ ಹಣ್ಣು ನೊಣ ಚುಚ್ಚುವುದಿಲ್ಲ. ನೊಣ ಚುಚ್ಚಿ ಕೊಳೆತ ಕಾಯಿಯನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು ಹುಳ ಸತ್ತ ಮೇಲೆ ಎಸೆಯಿರಿ.

ಮಳೆಗಾಲದಲ್ಲಿ ನಾನು ಮುಟ್ಟದ ತರಕಾರಿಯೂ ಇದೆ. ಟೊಮೆಟೊ, ಬದನೆ, ಹೂಕೋಸು ಆಗ ಬೇಡ. ಮಳೆ ಹಿಂದೆ ಸರಿದ ಮೇಲೆ ಬದನೆಯ ಸರದಿ, ನಮ್ಮ ಮನೆಯಲ್ಲಿ ಮಟ್ಟು ಗುಳ್ಳ. ಉಡುಪಿ ಜಿಲ್ಲೆಯ ಮಟ್ಟುವಿನ ಗುಳ್ಳಕ್ಕೆ 2011ರಲ್ಲಿ ಜಿಐ (ಆ ಊರಿನದೇ ಬೆಳೆ ಎಂಬ ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ನಮ್ಮ ಚೀಲದಲ್ಲಿ ಬೆಳೆದದ್ದನ್ನು ಅದೇ ರುಚಿ ಎಂದು ನಾನು ಹೇಳುವುದಿಲ್ಲ, ಸಮುದ್ರದ ಬದಿಯ ಆ ಮಣ್ಣು ನಮ್ಮಲ್ಲಿಲ್ಲ. ಆದರೂ ಹುಳಿಗೆ ಚೆನ್ನಾಗಿಯೇ ಇರುತ್ತದೆ.

ಬದನೆಗೆ ದೊಡ್ಡ ಶತ್ರು ಸೊರಗು ರೋಗ. ನಿನ್ನೆ ಚೆನ್ನಾಗಿದ್ದ ಗಿಡ ಇವತ್ತು ಹಸಿರಾಗಿಯೇ ಬಾಡಿ ನಿಂತಿರುತ್ತದೆ. ನೀರು ಸಾಲದ್ದೋ, ರೋಗವೋ ತಿಳಿಯಲು ಒಂದು ಸುಲಭದ ದಾರಿ ಇದೆ. ಬುಡದ ಕಾಂಡವನ್ನು ಕತ್ತರಿಸಿ, ತುದಿಯನ್ನು ಗಾಜಿನ ಲೋಟದ ತಿಳಿ ನೀರಿನಲ್ಲಿ ತೂಗಿಬಿಡಿ. ಸ್ವಲ್ಪ ಹೊತ್ತಿನಲ್ಲಿ ಹಾಲಿನಂಥ ಬಿಳಿ ಎಳೆ ಇಳಿಯತೊಡಗಿದರೆ ಅದು ಬ್ಯಾಕ್ಟೀರಿಯಾ. ಆ ಗಿಡ ಉಳಿಯುವುದಿಲ್ಲ, ಬೇರು ಸಮೇತ ಕಿತ್ತು ಸುಟ್ಟುಬಿಡಿ. ಆ ಮಣ್ಣಿಗೆ ಮತ್ತೆ ಬದನೆ, ಟೊಮೆಟೊ, ಮೆಣಸು ಹಾಕಬೇಡಿ. ನಾನು ಅದನ್ನು ತೆಂಗಿನ ಬುಡಕ್ಕೆ ಸುರಿದು, ಚೀಲ ತೊಳೆದು ಬಿಸಿಲಿಗೆ ಒಣಗಿಸಿ, ಮುಂದಿನ ಸಲ ಅಲಸಂಡೆ ಹಾಕುತ್ತೇನೆ.